ಅವ್ವನ ಗುಳಿಗೆ ಚೀಲ ಸುರುವಿ ನೋಡಿದವರಿಗೆ

ಅವ್ವನ ರಕ್ತದ ರಿಪೋರ್ಟ್ ನಿನ್ನೆ ಬಂತು. ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 1.0, ಅಂದರೆ ಸರಿಯಾಗಿದೆ. ಪೊಟ್ಯಾಸಿಯಂ ಕೂಡ ಸರಿಯಾಗಿದೆ. ಡಯಾಲಿಸಿಸ್ ಬೇಕಾಗಬಹುದು ಅನ್ನೋ ಮಾತು ಕೇಳಿ ನಡುಗಿದ್ದ ಮನೆ ನಮ್ಮದು. ಆಗ ಜೊತೆಗೆ ನಿಂತವರಿಗೆ ಈ ನಾಲ್ಕು ಮಾತು.

ಮೊದಲು ನಮ್ಮೂರ ಆಶಾ ಅಕ್ಕನಿಗೆ. ಸಿಂಧನೂರು ಕಡೆ ಬೇಸಿಗೆ ಭತ್ತದ ಕಟಾವು ನಡೆದಿತ್ತು. ಅವ್ವನ ಕಾಲು ಬಾತಿತ್ತು, ಮೂತ್ರ ಕಡಿಮೆಯಾಗಿತ್ತು. ಬಿಸಿಲಿನ ಕಾಟ ಅಂತ ಓಣಿಯೆಲ್ಲ ಅಂದರೂ ಅಕ್ಕ ಬಿಪಿ ನೋಡಿದರು. ‘ದಿನಾ ಗುಳಿಗಿ ನುಂಗೋರಿಗೆ ಇಷ್ಟ್ಯಾಕ ಏರೈತಿ? ಇವತ್ತ ರಾಯಚೂರಿಗೆ ಹೊಂಡ್ರಿ’ ಅಂದರು. ಅವತ್ತೇ ಹೊರಟೆವು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವ್ವನ ಚೀಲವನ್ನೇ ಮಂಚದ ಮೇಲೆ ಸುರುವಿದರು. ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೋಗಿಸುವ ಔಷಧಿ ಸೇರಿದ ಬಿಪಿ ಗುಳಿಗೆ. ಅದರಡಿ ಮೊಣಕಾಲು ನೋವಿನ ಡೈಕ್ಲೋಫೆನಾಕ್. ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತಿತ್ತು, ಅವ್ವ ದಿನಾ ನುಂಗುತ್ತಿದ್ದಳು. ಡಾಕ್ಟರಮ್ಮ ಬೈಯಲಿಲ್ಲ. ‘ಅಮ್ಮಾ, ಮೇಲಿನ ತೂಬು ಮುಚ್ಚಿ, ಕೆಳಗಿನ ತೂಬು ತೆಗೆದು, ಕಾಲುವೆಗೂ ನೀರು ಕಡಿಮೆ ಬಿಟ್ಟರೆ ಗದ್ದೆಯಲ್ಲಿ ನೀರು ನಿಲ್ಲುತ್ತಾ?’ ಅಂದರು. ನೋವಿನ ಗುಳಿಗೆ ಕಿಡ್ನಿಗೆ ಹೋಗುವ ರಕ್ತನಾಳ ಬಿಗಿ ಮಾಡುತ್ತೆ. ಟೆಲ್ಮಿಸಾರ್ಟನ್ ಹೊರಬರುವ ನಾಳ ಸಡಿಲಿಸುತ್ತೆ. ಮೂತ್ರ ಹೋಗಿಸುವ ಔಷಧಿ ಮೈಯ ನೀರನ್ನೇ ಇಳಿಸುತ್ತೆ. ಮೇಲೆ ನಮ್ಮ ಬಿಸಿಲು ಬೇರೆ. ಕಾಲುವೆ ಕೊನೆ ಭಾಗದ ರೈತರಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ನೋವಿನ ಗುಳಿಗೆಯಿಂದ ಬಿಪಿಯೂ ಏರುತ್ತೆ ಅನ್ನೋದು ಆಗಲೇ ಗೊತ್ತಾಗಿದ್ದು.

ಡೈಕ್ಲೋಫೆನಾಕ್ ಪೂರ್ತಿ ಬಂದ್ ಆಯಿತು. ಬಿಪಿ ಗುಳಿಗೆಯನ್ನು ಅವರೇ ಕೆಲ ದಿನ ನಿಲ್ಲಿಸಿ, ಅಮ್ಲೋಡಿಪಿನ್ ಅನ್ನೋ ಬೇರೆ ಬಿಪಿ ಗುಳಿಗೆ ಕೊಟ್ಟರು. ಅದನ್ನು ನಾವಾಗಿ ಮಾಡುವಂಥದ್ದಲ್ಲ, ಅಲ್ವಾ?

ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ, ರೊಟ್ಟಿ ಹಂಚಿಕೊಂಡ ಪಕ್ಕದ ಮಂಚದ ಮಾನ್ವಿಯವರಿಗೆ ನಮಸ್ಕಾರ. ಬಿಪಿಗೆ ಒಳ್ಳೇದು ಅಂತ ಕಡಿಮೆ ಸೋಡಿಯಂ ಉಪ್ಪು ತಂದ ಮಾವನಿಗೂ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ, ಕಿಡ್ನಿ ಸೋತಾಗ ಅದು ರಕ್ತದಲ್ಲಿ ಏರಬಹುದು ಅಂತ ಡಾಕ್ಟರಮ್ಮ ವಾಪಸ್ ಕಳಿಸಿದರು. ಮಾವ ಬೇಜಾರಾಗಬೇಡಿ.

ಈಗ ನಮ್ಮ ಮೆಡಿಕಲ್ ಶಾಪಿನ ಅಣ್ಣ ನೆಗಡಿ ಗುಳಿಗೆ ಕೇಳಿದರೂ ‘ಅವ್ವಗ ಬಿಪಿ ಐತಲ್ಲ?’ ಅಂತ ಕೇಳಿಯೇ ಕೊಡುತ್ತಾರೆ. ಮೂಗು ಕಟ್ಟಿದ್ದು ಬಿಡಿಸುವ ಫಿನೈಲೆಫ್ರಿನ್ ಕೂಡ ಬಿಪಿ ಏರಿಸಬಲ್ಲದು. ಅವರಿಗೂ ಥ್ಯಾಂಕ್ಸ್.

ಮೊಣಕಾಲಿಗೆ ಪ್ಯಾರಾಸಿಟಮಾಲ್, ಬಿಸಿ ಶಾಖ, ವ್ಯಾಯಾಮ ನಡೆದಿದೆ. ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ತಮ್ಮನಿಗೆ ಮಾತ್ರ ಅವ್ವ ಇನ್ನೂ ಥ್ಯಾಂಕ್ಸ್ ಹೇಳಲು ಒಪ್ಪಿಲ್ಲ. ಅವಳ ಪರವಾಗಿ ನಾನೇ ಹೇಳುತ್ತಿದ್ದೇನೆ.