ಕಂಪ್ಯೂಟರ್‌ನ ಬುದ್ಧಿಯಲ್ಲ, ಬಂಡವಾಳ ಹೆಚ್ಚುತ್ತದೆ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್ ಎಂದರೆ ಗುಂಡು ಹಾರಿಸುವುದೇ ಎಂದು ಭಾವಿಸಿರುವ ಹಿರಿಯರು ನಮ್ಮ ತೀರ್ಥಹಳ್ಳಿ ಕಡೆ ಇನ್ನೂ ಇದ್ದಾರೆ. ಕಳೆದ ಮಳೆಗಾಲದವರೆಗೆ ನಾನೂ ಅವರಲ್ಲೊಬ್ಬನಾಗಿದ್ದೆ. ತೋಟಕ್ಕೆ ಹೋಗಲಾಗದಂತೆ ಮಳೆ ಹಿಡಿದ ದಿನಗಳಲ್ಲಿ, ಮಗಳ ಒತ್ತಾಯಕ್ಕೆ (ಕರೆಂಟು ಇದ್ದಷ್ಟು ಹೊತ್ತು) 2016ರಲ್ಲಿ ಬಿಡುಗಡೆಯಾದ ‘ಸಿವಿಲೈಸೇಷನ್ 6’ ಆಡಲು ಕುಳಿತ ಮೇಲೆ, ಅದು ನೆಲ, ನೀರು ನೋಡಿ ಊರು ಕಟ್ಟುವ ಲೆಕ್ಕಾಚಾರದ ಆಟವೆಂದು ತಿಳಿಯಿತು.

ಅದರಲ್ಲಿ ಕಷ್ಟ ಏರುತ್ತ ಹೋಗುವ, ನಾವೇ ಆರಿಸಿಕೊಳ್ಳಬಹುದಾದ 8 ಹಂತಗಳಿವೆ. ನಾಲ್ಕನೆಯದಾದ ‘ಪ್ರಿನ್ಸ್’ನಲ್ಲಿ ನಮಗೂ ಕಂಪ್ಯೂಟರ್‌ಗೂ ಸಮಾನ ಸ್ಥಿತಿ. ಮೇಲೇರಿದಂತೆ ಕಂಪ್ಯೂಟರ್ ಹೆಚ್ಚು ಜಾಣನಾಗುವುದಿಲ್ಲ, ಅದರ ಕೈಗೆ ಹೆಚ್ಚು ಬಂಡವಾಳ ಬರುತ್ತದೆ. ಕೊನೆಯ ‘ಡೀಟಿ’ ಹಂತದಲ್ಲಿ ಊರು ಕಟ್ಟುವ ಒಂದೇ ತಂಡದೊಂದಿಗೆ ನಾವು ಆರಂಭಿಸಿದರೆ, ಎದುರಾಳಿಗೆ ಅಂಥ 3 ತಂಡಗಳಿರುತ್ತವೆ. ಕೆಳಗಿನ ಹಂತದಲ್ಲಿ ಭವ್ಯ ಕಟ್ಟಡಗಳ ಹಿಂದೆ ಬಿದ್ದೂ ಗೆದ್ದಿದ್ದ ನಾನು, ಅದೇ ಚಾಳಿಯಲ್ಲಿ ‘ಎಂಪರರ್’ ಹಂತಕ್ಕೆ ಏರಿ, ಪಿರಮಿಡ್ ಮುಗಿಯುವ ಮೊದಲೇ ರಾಜಧಾನಿ ಕಳೆದುಕೊಂಡೆ. ಕೋಟೆಗೋಡೆಯಿರಲಿ, ಇಬ್ಬರು ಬಿಲ್ಲುಗಾರರೂ ಅಲ್ಲಿರಲಿಲ್ಲ. “ಅಪ್ಪ, ಪಕ್ಕದವನು ಸೈನ್ಯ ತಂದು ನಿಲ್ಲಿಸಿದ್ದು ಕಾಣಲಿಲ್ವಾ?” ಎಂದು ಮಗಳು ಕೇಳಿದಳು. ಈಗ ಮೊದಲು ಹೊಳೆ ದಂಡೆಯ ಊರುಗಳು, ಕಾವಲಿಗೆ ಬಿಲ್ಲುಗಾರರು; ಪಿರಮಿಡ್ ಆಸೆಯನ್ನೇ ಬಿಟ್ಟಿದ್ದೇನೆ.

ಇಂಥ ಆಟಗಳ ತಂತ್ರಗಳನ್ನು ಕನ್ನಡದಲ್ಲಿ ವಿವರಿಸುವ ಅಂಕಣವೊಂದನ್ನು, ಚದುರಂಗದ ಸಮಸ್ಯೆಗಳಿಗೆ ಕೊಡುವಷ್ಟೇ ಜಾಗದಲ್ಲಾದರೂ ಸರಿ, ತಮ್ಮ ಭಾನುವಾರದ ಪುರವಣಿಯಲ್ಲಿ ಆರಂಭಿಸಬೇಕೆಂದು ಕೋರುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ