ಬಿಚ್ಚಿ ಕಟ್ಟಿದ ಮನೆ

ಎಲ್ಲರಿಗೂ ನಮಸ್ಕಾರ.

ಈ ಸಲ ಸಂಘದ ಪಿಕ್ನಿಕ್‌ಗೆ ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್‌ನ ಸಿಂಗಲ್ಟನ್ ಹಳ್ಳಿಯ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂಗೆ ಹೋಗಿದ್ದೆವು. ಚಿತ್ರಾನ್ನದ ಡಬ್ಬಿ ಖಾಲಿಯಾದ ಮೇಲೆ ಸುಮ್ನೆ ನೋಡಿ ಬರೋಣ ಅಂತ ಬೇಲೀಫ್ ಅನ್ನುವ ಹಳೇ ರೈತರ ಮನೆಯೊಳಗೆ ಹೋದೆ. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ ಅಂತ ಆಮೇಲೆ ನಮ್ಮ ಖಜಾಂಚಿಯವರೇ ಹುಡುಕಿಕೊಂಡು ಬಂದರು.

ಈ ಮನೆ ಮೊದಲು ಇದ್ದದ್ದು ಕೆಂಟ್‌ನ ಚಿಡಿಂಗ್‌ಸ್ಟೋನ್ ಹತ್ತಿರ. 1960ರ ದಶಕದ ಕೊನೆಯಲ್ಲಿ ಬೌ ಬೀಚ್ ಜಲಾಶಯಕ್ಕೆ ಜಾಗ ಬೇಕಾಯಿತು, ಮನೆ ಮುಳುಗಡೆಗೆ ಸಿಕ್ಕಿತು. ಮುಳುಗಡೆ ಅಂದರೇನು ಅಂತ ಶರಾವತಿ ಕಡೆಯವರಿಗೆ ನಾನು ಹೇಳಬೇಕಿಲ್ಲ. ಆದರೆ ಇದನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದಾರೆ.

ಬಿಚ್ಚೋಕೆ ಬಂದದ್ದಾದರೂ ಹೇಗೆ? ಮೊದಲು ಕಟ್ಟಿದ ರೀತಿಯೇ ಹಾಗಿತ್ತು. ಆ ಕಾಲದ ಬಡಗಿಗಳು ಹಸಿ ಓಕ್ ಮರವನ್ನೇ ಕೊರೆಯುತ್ತಿದ್ದರು, ಒಣಗಿದರೆ ಅದು ಉಳಿಗೆ ಬಗ್ಗುವುದಿಲ್ಲ. ಚೌಕಟ್ಟನ್ನು ನೆಲದ ಮೇಲೇ ಜೋಡಿಸಿ ನೋಡಿ, ಪ್ರತಿ ಕೀಲಿಗೂ ರೋಮನ್ ಅಂಕಿಯಂಥ ಗೆರೆ ಕೊರೆದು, ಮತ್ತೆ ಬಿಚ್ಚಿ, ಗಾಡಿಯಲ್ಲಿ ಹೇರಿಕೊಂಡು ಹೋಗಿ ಮನೆ ಎಬ್ಬಿಸುತ್ತಿದ್ದರು. ಕೀಲುಗಳಿಗೆ ಮರದ ಗೂಟವೇ. ಎರಡು ಮರಗಳ ತೂತು ಬೇಕಂತಲೇ ಚೂರು ಆಚೀಚೆ, ಗೂಟ ಬಡಿದಾಗ ಒಂದನ್ನೊಂದು ಎಳೆದು ಕಚ್ಚಿಕೊಳ್ಳಲಿ ಅಂತ. ನಾನೂ ಫ್ಲ್ಯಾಟ್‌ಪ್ಯಾಕ್ ಕಪಾಟು ಜೋಡಿಸಿದ್ದೇನೆ, ಒಂದು ವರ್ಷಕ್ಕೇ ಅಲುಗಾಡುತ್ತಿದೆ!

ಭಾರವೆಲ್ಲ ಕಂಬ ತೊಲೆಗಳ ಮೇಲೆ. ಗೋಡೆ ಬರೀ ತಡಿಕೆ, ಅದಕ್ಕೆ ಮೆತ್ತಿದ ಮಣ್ಣು, ಸಗಣಿ, ಹುಲ್ಲು. ಮುಂದಿನಿಂದ ನೋಡಿದರೆ ಎರಡೂ ತುದಿಯ ಮಹಡಿ ಮುಂದಕ್ಕೆ ಚಾಚಿದೆ, ನಡುವಿನ ಹಾಲ್ ಒಳಗೆ ಸರಿದಿದೆ, ಆದರೂ ಸೂರು ಒಂದೇ ನೇರ, ಅಲ್ಲಿ ಬಾಗಿದ ಮರಗಳು ಅದಕ್ಕೆ ಆಸರೆಯಾಗಿ ನಿಂತಿವೆ. ವೀಲ್ಡನ್ ಮನೆ ಅಂದರೆ ಇದೇ. ಹಾಲ್ ಕಟ್ಟಿದ್ದು 15ನೇ ಶತಮಾನದ ಆರಂಭದಲ್ಲಿ, ಒಂದು ತುದಿ ಮಾತ್ರ 16ನೇ ಶತಮಾನದ್ದು. ಇನ್ನು ಆ ಕಪ್ಪು ಬಿಳುಪಿನ ಪೋಸ್ಟ್‌ಕಾರ್ಡ್ ಮನೆಗಳನ್ನು ನಂಬಬೇಡಿ, ಮರಕ್ಕೆ ಕಪ್ಪು ಬಳಿಯುವ ಶೋಕಿ ಜಾಸ್ತಿಯಾದದ್ದು ವಿಕ್ಟೋರಿಯಾ ಕಾಲದಲ್ಲಿ. ಇಲ್ಲಿ ಓಕ್ ತನ್ನ ಬೂದು ಬಣ್ಣದಲ್ಲೇ ಇದೆ.

ಕಿಟಕಿಗೆ ಗಾಜಿಲ್ಲ, ಮರದ ಸರಳು, ಬಾಗಿಲು ಅಷ್ಟೆ. ಚಿಮಣಿಯೂ ಇಲ್ಲ. ಹಾಲ್‌ನ ನಡುವೆ ನೆಲದ ಮೇಲೇ ಬೆಂಕಿ. ಹೊಗೆ ಮೇಲೇರಿ, ಮಾಡಿನ ಕೆಳಗೆ ಸುತ್ತಾಡಿ, ಹೇಗೋ ದಾರಿ ಹುಡುಕಿಕೊಂಡು ಹೋಗಬೇಕು. ಇದನ್ನು ನೋಡುತ್ತಿದ್ದ ನಮ್ಮ ಹಿರಿಯರೊಬ್ಬರು, ತೀರ್ಥಹಳ್ಳಿಯವರು, "ನಮ್ಮಜ್ಜಿ ಆಗಿದ್ರೆ ಈ ಹೊಗೆಯಲ್ಲಿ ಅಡಿಕೆನಾದ್ರೂ ಒಣಗಿಸ್ತಿದ್ಲು" ಅಂದರು.

ಮಕ್ಕಳಿಗೆ ಹಿಡಿಸಿದ್ದು ಮಾತ್ರ ಮಹಡಿಯಿಂದ ಹೊರಕ್ಕೆ ಚಾಚಿದ ಕಕ್ಕಸು. ಕೆಳಗೆ ಏನೂ ಇಲ್ಲ, ಗುಂಡಿ ಬಿಟ್ಟರೆ. ಈ ಸಂಚಿಕೆಯ ಮಕ್ಕಳ ಪುಟಕ್ಕೆ ಬಂದ ಚಿತ್ರಗಳಲ್ಲಿ ಹೆಚ್ಚಿನವು ಅದರದ್ದೇ. ಅಚ್ಚು ಹಾಕಿದ್ದೇನೆ, ಬೈಯಬೇಡಿ.