ಹೀಟ್‌ಸಿಂಕ್ ಕೊಳ್ಳುವಾಗ ತೂಕ ಬೇಡ, ಡಿಗ್ರಿ ಕೇಳಿ

ಮಾನ್ಯ ಸಂಪಾದಕರೇ,

ಶಿವರಾತ್ರಿ ಕಳೆದು ಚಳಿ ‘ಶಿವಶಿವಾ’ ಎಂದು ಹೊರಟಿತೆಂದರೆ ಪಾವಗಡ, ಶಿರಾ, ಮಧುಗಿರಿಯಿಂದ ಹಿಡಿದು ಗೌರಿಬಿದನೂರು, ಚಿಂತಾಮಣಿ, ಶ್ರೀನಿವಾಸಪುರದವರೆಗೆ ತೋಟದವರ ದೂರು ಒಂದೇ. ಸೋಲಾರ್ ಪಂಪ್ ಬೆಳಿಗ್ಗೆ ಚೆನ್ನಾಗಿ ಓಡುತ್ತದೆ, ಬಿಸಿಲು ನೆತ್ತಿಗೆ ಬಂದಾಗ ನಿಂತುಬಿಡುತ್ತದೆ, ನಾಲ್ಕು ಗಂಟೆಗೆ ಯಾರೂ ಮುಟ್ಟದೆ ಮತ್ತೆ ಶುರುವಾಗುತ್ತದೆ. ಬೋರ್‌ವೆಲ್‌ನಲ್ಲಿ ನೀರು ಇಳಿದಿದ್ದರೆ ಡಿಸ್‌ಪ್ಲೇಯಲ್ಲಿ ಡ್ರೈ ರನ್ (ನೀರಿಲ್ಲದ ಓಟ) ಕೋಡ್ ಬರುತ್ತದೆ. ಅತಿ ತಾಪದ ಕೋಡ್ ಬಂದಿದ್ದರೆ ನೋಡಬೇಕಾದದ್ದು ಕಂಟ್ರೋಲರಿನ (ಪ್ಯಾನೆಲ್ಲಿನ ಕರೆಂಟನ್ನು ಮೋಟಾರಿಗೆ ತಕ್ಕಂತೆ ಮಾಡಿ ಕೊಡುವ ಸಾಧನ) ಬೆನ್ನಿಗಿರುವ, ಅದರ ಶಾಖವನ್ನು ಗಾಳಿಗೆ ಬಿಡುವ ರೆಕ್ಕೆಗಳ ಅಲ್ಯೂಮಿನಿಯಂ ಹೀಟ್‌ಸಿಂಕನ್ನು. ಸುಟ್ಟ ಪವರ್ ಮಾಡ್ಯೂಲ್ (ಕಂಟ್ರೋಲರಿನಲ್ಲಿ ಕರೆಂಟನ್ನು ಸ್ವಿಚ್ ಮಾಡುವ ಭಾಗ) ತೆಗೆದು ಹೊಸದನ್ನು ಅದೇ ಹಳೇ ಹೀಟ್‌ಸಿಂಕಿಗೆ ಕೂರಿಸಿ ಕಳಿಸಿದರೆ ಮುಂದಿನ ಏಪ್ರಿಲ್‌ಗೆ ಅದು ಮತ್ತೆ ನಮ್ಮ ದುರಸ್ತಿ ಬೆಂಚಿಗೇ ಬರುತ್ತದೆ.

ಹೀಟ್‌ಸಿಂಕನ್ನು ಈಗಲೂ ಹೆಚ್ಚಿನವರು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ಬೆಂಗಳೂರಿನ ಎಸ್‌.ಪಿ. ರೋಡಿನ ಗುಜರಿಯಲ್ಲಿ ತೂಗಿ ತಂದ ತುಂಡಾದರೂ ಅಷ್ಟೇ, ಹೊಸದಾಗಿ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ) ಕೊರೆಸಿದ್ದಾದರೂ ಅಷ್ಟೇ. ಭಾರವಾಗಿದ್ದರೆ ಒಳ್ಳೆಯದು, ಹೊಳೆದರೆ ಇನ್ನೂ ಒಳ್ಳೆಯದು ಎಂಬ ನಂಬಿಕೆ. ಭಾರದಿಂದ ಆಗುವುದು ಬಿಸಿಯೇರುವುದು ಸ್ವಲ್ಪ ತಡವಾಗುವುದು ಮಾತ್ರ. ಐದಾರು ಗಂಟೆ ಒಂದೇ ಸಮ ಓಡುವ ಪಂಪಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಕೇಳಬೇಕಾದದ್ದು ಒಂದೇ ಅಂಕಿ: ಒಂದು ವ್ಯಾಟ್ ಶಾಖ ಹರಿದರೆ ಇದು ಸುತ್ತಲಿನ ಗಾಳಿಗಿಂತ ಎಷ್ಟು ಡಿಗ್ರಿ ಬಿಸಿಯಾಗುತ್ತದೆ? ಈ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು.

ಲೆಕ್ಕ ಹಾಕಿ ನೋಡೋಣ. 7.5 ಎಚ್‌ಪಿ ಎಂದರೆ ಮೋಟಾರಿನ ಶಾಫ್ಟಿನಲ್ಲಿ 5.5 ಕಿಲೋವ್ಯಾಟ್. ಸಬ್‌ಮರ್ಸಿಬಲ್ ಮೋಟಾರಿನ ಸ್ವಂತ ನಷ್ಟ ಸೇರಿಸಿದರೆ ಕಂಟ್ರೋಲರ್ ಸುಮಾರು 7 ಕಿಲೋವ್ಯಾಟ್ ಕೊಡಬೇಕು. ಅದರ ದಕ್ಷತೆ ಶೇ 97 ಇದ್ದರೂ 200 ವ್ಯಾಟಿಗೂ ಮೇಲೆ ಶಾಖವಾಗಿ ಒಳಗೇ ಉಳಿಯುತ್ತದೆ. ಹಳೇ ನೂರು ವ್ಯಾಟಿನ ಬುರುಡೆ ಬಲ್ಬ್ ಎರಡನ್ನು ಪೆಟ್ಟಿಗೆಯೊಳಗೆ ಉರಿಸಿಟ್ಟಂತೆ. ಹೀಟ್‌ಸಿಂಕಿನ ತಳ 85 ಡಿಗ್ರಿ ದಾಟಬಾರದು, ಶೆಡ್ಡಿನ ಗಾಳಿ 45 ಡಿಗ್ರಿ ಎಂದುಕೊಂಡರೆ ಉಳಿಯುವ ಅಂತರ 40. ಅದನ್ನು 200ರಿಂದ ಭಾಗಿಸಿದರೆ ವ್ಯಾಟಿಗೆ 0.2 ಡಿಗ್ರಿ. ಈಗ ಕಳ್ಳರ ಭಯಕ್ಕೆ ಕಂಟ್ರೋಲರನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ? ಒಳಗಿನ ಗಾಳಿ 60 ಮುಟ್ಟಿತೆಂದರೆ ಬೇಕಾಗುವುದು 0.125 ಡಿಗ್ರಿಯದು, ಅಂದರೆ ಒಂದೂವರೆ ಪಟ್ಟಿಗೂ ಮಿಗಿಲು ಸಾಮರ್ಥ್ಯದ್ದು. ಹೀಟ್‌ಸಿಂಕ್ ಬದಲಿಸುವುದಕ್ಕಿಂತ ಪೆಟ್ಟಿಗೆಯ ಹಿಂಬದಿ ಕತ್ತರಿಸಿ ರೆಕ್ಕೆಗಳನ್ನು ಹೊರಗೆ ಬಿಡುವುದು ಅಗ್ಗ. ಹೊರಬಿಟ್ಟ ರೆಕ್ಕೆಗೆ ನೇರ ಬಿಸಿಲು ಬೀಳಬಾರದು. ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ಒಂದಡಿ ಚದರದ ಕಪ್ಪು ಹೀಟ್‌ಸಿಂಕ್ ಅದಕ್ಕೆ ಎದುರಾದರೆ 80 ವ್ಯಾಟಿನಷ್ಟು ಶಾಖ ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ.

(ಎತ್ತರದಲ್ಲಿ ಗಾಳಿ ತೆಳುವಾಗಿ ಕಡಿಮೆ ಶಾಖ ಒಯ್ಯುತ್ತದೆ, ನಮಗೆ ಆ ಚಿಂತೆ ಬೇಡ. ಇಂಥ ಕಂಟ್ರೋಲರುಗಳ, ಅಂದರೆ ಡ್ರೈವ್‌ಗಳ ಸಾಮರ್ಥ್ಯವನ್ನು ಸಾಮಾನ್ಯವಾಗಿ 1000 ಮೀಟರಿನ ಮೇಲೆ ಇಳಿಸಿ ಹಿಡಿಯುತ್ತಾರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣಗಳು ಅದಕ್ಕಿಂತ ಕೆಳಗೇ ಇವೆ. ನಂದಿಬೆಟ್ಟದ ನೆತ್ತಿಯಲ್ಲಿ ಪಂಪ್ ಕೂರಿಸುವವರು ಬೇಕಿದ್ದರೆ ಲೆಕ್ಕ ಹಾಕಿಕೊಳ್ಳಲಿ.)

ಫ್ಯಾನ್ ಇಲ್ಲದೆ 0.2 ಡಿಗ್ರಿ ಬೇಕೆಂದರೆ ರೆಕ್ಕೆಗಳ ಒಟ್ಟು ಮೈ 0.6ರಿಂದ 0.7 ಚದರ ಮೀಟರ್ ಇರಬೇಕು. ರೆಕ್ಕೆಗಳ ನಡುವಿನ ಸಂದು 6ರಿಂದ 10 ಮಿ.ಮೀ. ಇದ್ದರೆ ಮಾತ್ರ ಬಿಸಿಗಾಳಿ ತಾನಾಗಿ ಮೇಲೇರುತ್ತದೆ. ರೆಕ್ಕೆಗಳು ಲಂಬವಾಗಿ ನಿಲ್ಲಬೇಕು, ಮೇಲೆ ಕೆಳಗೆ ಕನಿಷ್ಠ 100 ಮಿ.ಮೀ. ಖಾಲಿ ಜಾಗ ಇರಬೇಕು. ಸಂದು ಕಿರಿದಾಗಿಸಿ ಹೆಚ್ಚು ರೆಕ್ಕೆ ತುಂಬಿದರೆ ಮೈ ಹೆಚ್ಚಿದಂತೆ ಕಾಣುತ್ತದೆ, ಆದರೆ ಗಾಳಿ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಫ್ಯಾನ್ ಇದ್ದರೆ 2ರಿಂದ 4 ಮಿ.ಮೀ. ಸಂದು ಸಾಕು, ಹೀಟ್‌ಸಿಂಕೂ ಚಿಕ್ಕದಾಗುತ್ತದೆ. 200 ವ್ಯಾಟ್ ಶಾಖವನ್ನು ಗಾಳಿ ಕೇವಲ 10 ಡಿಗ್ರಿ ಏರಿ ಹೊತ್ತೊಯ್ಯಬೇಕಾದರೆ ಗಂಟೆಗೆ ಸುಮಾರು 70 ಘನ ಮೀಟರ್ ಬೇಕು, ಫ್ಯಾನಿನವರ ಭಾಷೆಯಲ್ಲಿ (ನಿಮಿಷಕ್ಕೆ ಘನ ಅಡಿ) 40 ಸಿಎಫ್‌ಎಂ. ಫ್ಯಾನಿನ ಚೀಟಿಯ ಮೇಲಿರುವ ಅಂಕಿ ಎದುರಿಗೆ ಏನೂ ಇಲ್ಲದಾಗಿನದು. ರೆಕ್ಕೆಗಳ ಮುಂದೆ ಕೂರಿಸಿದರೆ ಅದರ ಅರ್ಧ ಸಿಕ್ಕಿದರೆ ಹೆಚ್ಚು, ಆದ್ದರಿಂದ 80ರ ಮೇಲಿನದನ್ನೇ ಆರಿಸಿ.

ನಮ್ಮ ಧೂಳಿನ ಮಾತು ಬೇರೆಯೇ ಇದೆ. ತಿಪಟೂರು ಕಡೆ ತೆಂಗಿನ ನಾರಿನ ಪುಡಿ, ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ ರೇಷ್ಮೆಯ ಎಳೆ, ಜಲ್ಲಿ ಕ್ರಷರ್ ಹತ್ತಿರ ಕಲ್ಲುಪುಡಿ. 2 ಮಿ.ಮೀ. ಸಂದಿಗೆ ನಾರು ಸೇರಿದರೆ ಕಂಬಳಿ ಹೊದಿಸಿದಂತೆ. ಇಂಥ ಕಡೆ ಫ್ಯಾನ್ ಇದ್ದರೂ 5 ಮಿ.ಮೀ.ಗಿಂತ ಕಿರಿದಾದ ಸಂದು ಬೇಡವೆಂಬುದು ನಮ್ಮ ಅಭಿಪ್ರಾಯ. ಕೆಟಲಾಗು ಒಪ್ಪದಿರಬಹುದು, ಕೆಟಲಾಗು ಬರೆದವರು ತಿಪಟೂರಿನ ನಾರು ಕಂಡಿರಲಿಕ್ಕಿಲ್ಲ.

ಲೋಹದ ಆಯ್ಕೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 6063 ಅಲ್ಯೂಮಿನಿಯಂ ಶಾಖ ಹರಿಸುವುದರಲ್ಲಿ (ಮೀಟರಿಗೆ, ಡಿಗ್ರಿಗೆ ಇಷ್ಟು ವ್ಯಾಟ್ ಎಂಬ ಅಳತೆಯಲ್ಲಿ) ಸುಮಾರು 200, ಮಷೀನಿಂಗಿಗೆ ಸುಲಭವೆಂದು ಸಿಎನ್‌ಸಿಯವರು ಮೆಚ್ಚುವ 6061 ಸುಮಾರು 167, ಎರಕದ ಎಡಿಸಿ12 ನೂರಕ್ಕೂ ಕಡಿಮೆ, ತಾಮ್ರ 390ರ ಆಸುಪಾಸು. ತಾಮ್ರ ಎರಡು ಪಟ್ಟು ಹರಿಸುತ್ತದೆ ನಿಜ, ತೂಕ ಮೂರು ಪಟ್ಟಿಗೂ ಹೆಚ್ಚು. ಫ್ಯಾನಿಲ್ಲದ ಕಡೆ ಶಾಖಕ್ಕೆ ತಡೆ ಇರುವುದು ಲೋಹದಲ್ಲಲ್ಲ, ಗಾಳಿಯಲ್ಲಿ. ಅಲ್ಲಿ ತಾಮ್ರಕ್ಕೆ ಹಾಕಿದ ದುಡ್ಡು ಹೊಳೆಯಲ್ಲಿ ಹುಣಸೆ ತೊಳೆದಂತೆ. ಎರಡು ಮೂರು ತುಂಡು ಮಾತ್ರ ಬೇಕಿದ್ದು, ಆಕಾರ ವಿಚಿತ್ರವಾಗಿದ್ದರೆ ಇಡೀ ಗಟ್ಟಿಯಿಂದ ಕೊರೆಸಬಹುದು. ಉಳಿದಂತೆ ಸಿದ್ಧ ಎಕ್ಸ್‌ಟ್ರೂಷನ್ (ಅಚ್ಚಿನ ಮೂಲಕ ಒತ್ತಿ ಹೊರತೆಗೆದ) ಪಟ್ಟಿ ತಂದು, ಉದ್ದಕ್ಕೆ ಕತ್ತರಿಸಿ, ಮಾಡ್ಯೂಲ್ ಕೂರುವ ಮುಖವನ್ನಷ್ಟೇ ಮಿಲ್ಲಿಂಗ್ ಮಾಡಿಸುವುದು ಲೇಸು. ರೆಕ್ಕೆ ಕೊರೆಯಲು ಕೊಡುವ ದುಡ್ಡನ್ನು ಮುಖಕ್ಕೆ ಕೊಡಿ.

ಆ ಮುಖದಲ್ಲೇ ಎಲ್ಲಾ ಇದೆ. ಎಕ್ಸ್‌ಟ್ರೂಷನ್ ಬಂದ ಸ್ಥಿತಿಯಲ್ಲಿ 100 ಮಿ.ಮೀ. ಅಗಲಕ್ಕೆ 0.4 ಮಿ.ಮೀ.ವರೆಗೂ ಬಾಗಿರಬಹುದು. ಪವರ್ ಮಾಡ್ಯೂಲ್ ತಯಾರಕರು ಕೇಳುವುದು ಅಷ್ಟೇ ಉದ್ದಕ್ಕೆ 50 ಮೈಕ್ರಾನ್ (0.05 ಮಿ.ಮೀ.), ಅಂದರೆ ಅದರ ಎಂಟನೇ ಒಂದು ಭಾಗ. ಮೈಯ ಒರಟುತನ 10 ಮೈಕ್ರಾನಿನೊಳಗೆ. ಪರೀಕ್ಷಿಸಲು ದೊಡ್ಡ ಯಂತ್ರ ಬೇಡ. ಒಳ್ಳೆಯ ಸ್ಟ್ರೈಟ್ ಎಡ್ಜನ್ನು ಮುಖದ ಮೇಲೆ ಮೂಲೆಯಿಂದ ಮೂಲೆಗೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ನಡುವೆ ಬೆಳಕಿನ ಗೆರೆ ಕಂಡರೆ ಅಲ್ಲಿ 0.05 ಮಿ.ಮೀ. ಫೀಲರ್ ಗೇಜ್ (ದಪ್ಪ ಗೊತ್ತಿರುವ ತೆಳು ಪಟ್ಟಿ) ತೂರಿಸಿ. ಒಳಹೋದರೆ ಮುಖ ಮತ್ತೆ ಮಷೀನಿಗೆ.

ಮಷೀನಿನಲ್ಲೇ ಬಾಗುವುದೂ ಉಂಟು. ರೆಕ್ಕೆಗಳನ್ನು ವೈಸ್‌ನಲ್ಲಿ ಬಿಗಿದು ಮುಖ ಕಡಿದರೆ, ಬಿಗಿ ಇರುವವರೆಗೆ ಸಮತಟ್ಟು, ವೈಸ್ ಸಡಿಲಿಸಿದ ಕೂಡಲೇ ಡೊಂಕು. ತಳದ ಅಂಚನ್ನಷ್ಟೇ ಹಿಡಿದು, ತೂತು ಮೊದಲು ಕೊರೆದು, ಆಮೇಲೆ ಬಿಗಿ ಸ್ವಲ್ಪ ತಗ್ಗಿಸಿ 0.2 ಮಿ.ಮೀ. ಹಗುರ ಕಟ್ ಕೊಡಬೇಕು. ತೂತು ಕೊನೆಗೆ ಹಾಕಿದರೆ ಅಂಚಿನಲ್ಲಿ ಎದ್ದ ಬರ್ (ಲೋಹದ ಮುಳ್ಳು) ಮಾಡ್ಯೂಲನ್ನು ಎತ್ತಿ ನಿಲ್ಲಿಸುತ್ತದೆ. ಎಂ6 ಸ್ಕ್ರೂಗೆ ಅಲ್ಯೂಮಿನಿಯಂನಲ್ಲಿ 9ರಿಂದ 12 ಮಿ.ಮೀ. ಥ್ರೆಡ್ ಬೇಕು. ಕುರುಡು ತೂತಿನಲ್ಲಿ ಚಿಪ್ಸ್ ಉಳಿದಿದ್ದರೆ ಸ್ಕ್ರೂ ಅದಕ್ಕೇ ತಾಗಿ ನಿಲ್ಲುತ್ತದೆ. ಟಾರ್ಕ್ ವ್ರೆಂಚ್ ಟಕ್ಕೆನ್ನುತ್ತದೆ, ಮಾಡ್ಯೂಲ್ ಮಾತ್ರ ಸಡಿಲ. ಅನೋಡೈಸಿಂಗ್ (ಮೈಮೇಲೆ ಆಕ್ಸೈಡ್ ಪದರ ಬೆಳೆಸುವುದು) ಮಾಡಿಸುವುದಾದರೆ ಕೂರುವ ಮುಖವನ್ನು ಮುಚ್ಚಿಸಿ, ಇಲ್ಲವೇ ಆಮೇಲೆ ಮುಖ ಕಡಿಸಿ. ಆ ಪದರವನ್ನು ಇನ್ಸುಲೇಷನ್ ಎಂದು ನಂಬಬೇಡಿ, ಒಂದು ಗೀರು ಬಿದ್ದರೆ ಮುಗಿಯಿತು.

ಮಾಡ್ಯೂಲಿಗೂ ಮುಖಕ್ಕೂ ನಡುವೆ ಉಳಿದ ಸಂದು ತುಂಬುವ ಪೇಸ್ಟ್ ಹಚ್ಚುವುದರಲ್ಲಿ ಧಾರಾಳ ಬೇಡ. 50 ಚದರ ಸೆಂ.ಮೀ. ತಳದ ಮಾಡ್ಯೂಲಿಗೆ ಸಾಧಾರಣ ಬಿಳಿ ಪೇಸ್ಟನ್ನು 0.1 ಮಿ.ಮೀ. ಹಚ್ಚಿದರೆ 200 ವ್ಯಾಟಿಗೆ 4 ಡಿಗ್ರಿ ನಷ್ಟ. ದೋಸೆಗೆ ಬೆಣ್ಣೆ ಸವರಿದಂತೆ ಅರ್ಧ ಮಿ.ಮೀ. ಮೆತ್ತಿದರೆ 20 ಡಿಗ್ರಿ. ರಬ್ಬರ್ ರೋಲರಿನಿಂದ ತೆಳ್ಳಗೆ ಎಳೆದು, ಸ್ಕ್ರೂಗಳನ್ನು ಎದುರು ಬದುರಾಗಿ ಮೊದಲು ಕೈಬಿಗಿ ಮಾಡಿ, ಪೇಸ್ಟ್ ಹರಡಲು ಕೆಲವು ನಿಮಿಷ ಬಿಟ್ಟು, ನಂತರ ತಯಾರಕರು ಹೇಳಿದ ಟಾರ್ಕಿಗೆ ಬಿಗಿಯಬೇಕು. ಎಂ6ಕ್ಕೆ ಅದು ಸಾಮಾನ್ಯವಾಗಿ 3ರಿಂದ 5 ನ್ಯೂಟನ್ ಮೀಟರ್. ಕೆಟ್ಟ ಮಾಡ್ಯೂಲ್ ಬಿಚ್ಚಿದಾಗ ಪೇಸ್ಟಿನ ಅಚ್ಚು ನೋಡಿ. ಸ್ಕ್ರೂಗಳ ಸುತ್ತ ತೆಳುವಾಗಿದ್ದು ನಡುವೆ ದಪ್ಪ ಬಿಳಿ ದ್ವೀಪ ಉಳಿದಿದ್ದರೆ ಮುಖ ಗುಳಿಬಿದ್ದಿದೆ ಎಂದೇ ಅರ್ಥ.

ತಂದ ಹೀಟ್‌ಸಿಂಕನ್ನು ಬಳಸುವ ಮೊದಲೇ ಅಳೆಯಬಹುದು. ಲೋಹದ ಕವಚದ 100 ವ್ಯಾಟ್ ರೆಸಿಸ್ಟರ್ ಎರಡನ್ನು ಮಾಡ್ಯೂಲ್ ಕೂರುವ ಜಾಗಕ್ಕೆ ಬಿಗಿದು, ಒಟ್ಟು 150 ವ್ಯಾಟ್ ಕೊಟ್ಟು, ತಾಪ ಏರುವುದು ನಿಲ್ಲುವವರೆಗೆ ಒಂದೆರಡು ಗಂಟೆ ಬಿಡಿ. ತಳ 60, ಕೋಣೆ 30 ಡಿಗ್ರಿ ಇದ್ದರೆ ವ್ಯಾಟಿಗೆ 0.2. ಅಳೆಯಲು ಥರ್ಮೋಕಪಲ್ (ಮೈಗೆ ತಾಗಿಸಿ ತಾಪ ಅಳೆಯುವ ತಂತಿ) ಬೇಕು. ಇನ್‌ಫ್ರಾರೆಡ್ ಗನ್ ಹೊಳೆಯುವ ಅಲ್ಯೂಮಿನಿಯಂ ಮುಂದೆ ಸುಳ್ಳು ಹೇಳುತ್ತದೆ, ತುಂಬಾ ಕಡಿಮೆ ತೋರಿಸುತ್ತದೆ. ಅದೊಂದೇ ಇದ್ದರೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಹಿಡಿಯಿರಿ.

ಕೆಲಸ ಮಾಡಿಕೊಡುವ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರ, ಅತ್ತ ಮಾಲೂರು, ನರಸಾಪುರದ ಕೈಗಾರಿಕಾ ಪ್ರದೇಶಗಳಿವೆ. ಕೊರತೆ ಇರುವುದು ಆರ್ಡರ್ ಚೀಟಿಯಲ್ಲಿ. ‘ಹೀಟ್‌ಸಿಂಕ್, ಸ್ಯಾಂಪಲ್‌ನಂತೆ’ ಎಂದು ಬರೆದರೆ ಸ್ಯಾಂಪಲ್ಲಿನ ಡೊಂಕೂ ಸೇರಿ ಬರುತ್ತದೆ. ಸೋಲಾರ್ ಪಂಪ್ ಮತ್ತು ಎಲ್‌ಇಡಿ ಬೀದಿದೀಪಗಳ ಟೆಂಡರ್ ಬರೆಯುವವರು ಐಪಿ65 (ಧೂಳು, ನೀರು ತಡೆಯುವ ದರ್ಜೆ), ವಾರಂಟಿ ವರ್ಷಗಳ ಜೊತೆಗೆ ಇಷ್ಟು ಸೇರಿಸಲಿ: 50 ಡಿಗ್ರಿ ಗಾಳಿಯಲ್ಲಿ ಪೂರ್ಣ ಹೊರೆಗೆ ಹೀಟ್‌ಸಿಂಕಿನ ತಾಪ ಎಷ್ಟು, ಅಳೆದ ವರದಿ ಎಲ್ಲಿ? ಐಪಿ65 ಪೆಟ್ಟಿಗೆಗೆ ಧೂಳು ಹೋಗದು ಸರಿ, ಒಳಗಿನ ಬಿಸಿಗಾಳಿಯೂ ಹೊರಬರದು.

ಈಗ ಓಡುತ್ತಿರುವ ಪಂಪುಗಳಿಗೆ: ಟ್ರಿಪ್ ಆಗುತ್ತದೆಂದು ಥರ್ಮಲ್ ಸ್ವಿಚ್ಚಿನ ಎರಡು ವೈರ್ ಸೇರಿಸಿ ಸುತ್ತಬೇಡಿ. ರೆಕ್ಕೆಗೆ ಒದ್ದೆ ಗೋಣಿಚೀಲ ಹೊದಿಸಬೇಡಿ, ಒಳಗೆ ನೂರಾರು ವೋಲ್ಟ್ ಡಿಸಿ ಇದೆ. ಬೇಸಿಗೆಗೆ ಮೊದಲು ಒಮ್ಮೆ, ನಡುವೆ ಒಮ್ಮೆ ರೆಕ್ಕೆಗಳ ಸಂದಿಗೆ ಬ್ರಷ್ ಆಡಿಸಿ. ಕಣಜದ ಗೂಡು ಹೆಚ್ಚಾಗಿ ಮೇಲಿನ ತುದಿಯಲ್ಲಿರುತ್ತದೆ, ಬಿಸಿಗಾಳಿ ಹೊರಡುವುದೂ ಅಲ್ಲಿಂದಲೇ. ಬ್ರಷ್ ಹಿಡಿಯುವ ಮೊದಲು ಡಿಸಿ ಐಸೊಲೇಟರ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ಕೆಪಾಸಿಟರ್ ಖಾಲಿಯಾಗಲು ಅಷ್ಟು ಹೊತ್ತು ಬೇಕು, ಬಿಸಿಲಿದ್ದಷ್ಟು ಹೊತ್ತೂ ಪ್ಯಾನೆಲ್ ಕಡೆಯ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ.

– ಪವರ್ ಎಲೆಕ್ಟ್ರಾನಿಕ್ಸ್ ದುರಸ್ತಿ ಮತ್ತು ಮಷೀನಿಂಗ್ ಕೆಲಸದವರು
ಅಂತರಸನಹಳ್ಳಿ, ತುಮಕೂರು